ಬಾರ್ಥೊಲೊಮ್ಯೂ ಒಗ್ಬೆಚೆ: ಮುಂಬಯಿಗೂ ಹೈದರಾಬಾದಿಗೂ ಕಪ್ ತಂದ ನೈಜೀರಿಯಾ ಆಟಗಾರ

ಬಾರ್ಥೊಲೊಮ್ಯೂ ಒಗ್ಬೆಚೆ ಪಶ್ಚಿಮ ಆಫ್ರಿಕಾದ ನೈಜೀರಿಯಾ ದೇಶದ ಫುಟ್‌ಬಾಲ್ ಆಟಗಾರ. ಹದಿನೇಳನೇ ವಯಸ್ಸಿಗೇ ವಿಶ್ವಕಪ್ ಆಡಿದವರು. ಫ್ರಾನ್ಸ್, ಅರಬ್ ಸಂಯುಕ್ತ ಸಂಸ್ಥಾನ, ಸ್ಪೇನ್, ಗ್ರೀಸ್, ಇಂಗ್ಲೆಂಡ್, ನೆದರ್‌ಲ್ಯಾಂಡ್ಸ್ ದೇಶಗಳಲ್ಲಿ ಆಡಿ, 2018ರಲ್ಲಿ ಭಾರತಕ್ಕೆ ಬಂದರು. ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ಐದು ಹಂಗಾಮು ಆಡಿ 63 ಗೋಲು ಹೊಡೆದರು. ಲೀಗಿನಲ್ಲಿ ಅತಿ ಹೆಚ್ಚು ಗೋಲುಗಳ ದಾಖಲೆ 2024ರ ಸೆಪ್ಟೆಂಬರ್ ತನಕ ಅವರ ಹೆಸರಿನಲ್ಲೇ ಇತ್ತು.

ಸೊಲ್ಲಾಪುರ, ಅಕ್ಕಲಕೋಟ ಭಾಗದವರಿಗೆ ಈ ಆಟಗಾರನ ಕಥೆಯಲ್ಲಿ ಇನ್ನೊಂದು ಆಸಕ್ತಿಯ ಸಂಗತಿ ಇದೆ. ಒಗ್ಬೆಚೆ ಟ್ರೋಫಿ ಗೆದ್ದ ಎರಡು ಭಾರತೀಯ ತಂಡಗಳು ಮುಂಬಯಿ ಮತ್ತು ಹೈದರಾಬಾದಿನವು. ಮುಂಬಯಿಯಿಂದ ಪುಣೆ, ಸೊಲ್ಲಾಪುರ, ಅಕ್ಕಲಕೋಟ ರೋಡ್, ಕಲಬುರಗಿ, ವಾಡಿ ಮೂಲಕ ಹೈದರಾಬಾದಿಗೆ ಹೋಗುವ ರೈಲು ಮಾರ್ಗದ ಎರಡು ತುದಿಗಳವು. ಸೊಲ್ಲಾಪುರದಿಂದ ಮುಂಬಯಿಗೆ ರೈಲಿನಲ್ಲಿ ಸುಮಾರು 450 ಕಿ.ಮೀ., ಹೈದರಾಬಾದಿಗೆ ರಸ್ತೆಯಲ್ಲಿ ಸುಮಾರು 300 ಕಿ.ಮೀ. ಕೆಲಸ ಹುಡುಕಿಕೊಂಡು ಈ ಭಾಗದ ಜನ ಹೋಗುವ ಊರುಗಳೂ ಇವೇ. ಒಗ್ಬೆಚೆ ಕೂಡ ಅಲ್ಲಿಗೆ ಬಂದದ್ದು ಕೆಲಸಕ್ಕೇ. ಒಂದೊಂದು ಹಂಗಾಮಿಗೆ ಕರಾರು, ಕರಾರು ಮುಗಿದರೆ ಇನ್ನೊಂದು ಊರು.

ಹುಟ್ಟು ಮತ್ತು ಹಿನ್ನೆಲೆ

ಒಗ್ಬೆಚೆ ಹುಟ್ಟಿದ್ದು 1984ರ ಅಕ್ಟೋಬರ್ 1ರಂದು, ನೈಜೀರಿಯಾದ ಒಗೊಜಾ ಎಂಬ ಊರಿನಲ್ಲಿ. ಅಕ್ಟೋಬರ್ 1 ನೈಜೀರಿಯಾದ ಸ್ವಾತಂತ್ರ್ಯ ದಿನವೂ ಹೌದು. ಆ ದೇಶ 1960ರಲ್ಲಿ ಇದೇ ದಿನ ಬ್ರಿಟಿಷರಿಂದ ಬಿಡುಗಡೆ ಪಡೆಯಿತು. ಒಗೊಜಾ ಇರುವುದು ಕ್ರಾಸ್ ರಿವರ್ ರಾಜ್ಯದಲ್ಲಿ. ಇದು ಪಕ್ಕದ ಕ್ಯಾಮರೂನ್ ದೇಶಕ್ಕೆ ಹೊಂದಿಕೊಂಡ ಗಡಿ ರಾಜ್ಯ. ನೈಜೀರಿಯಾದಲ್ಲಿ 500ಕ್ಕೂ ಹೆಚ್ಚು ಭಾಷೆಗಳಿವೆ. ಮನೆಯಲ್ಲಿ ಒಂದು ಮಾತು, ಪೇಟೆಯಲ್ಲಿ ಇನ್ನೊಂದು, ಶಾಲೆ ಮತ್ತು ಕಚೇರಿಯಲ್ಲಿ ಇಂಗ್ಲಿಷ್. ದುಧನಿ, ಮೈಂದರ್ಗಿಯಲ್ಲಿ ಕನ್ನಡ ಮಾತನಾಡಿ ತಾಲೂಕು ಕಚೇರಿಯಲ್ಲಿ ಮರಾಠಿ ಬರೆಯುವವರಿಗೆ ಈ ಪರಿಸ್ಥಿತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮಲ್ಲಿ ಕ್ರಿಕೆಟ್ ಹೇಗೋ ನೈಜೀರಿಯಾದಲ್ಲಿ ಫುಟ್‌ಬಾಲ್ ಹಾಗೆ. 1994ರಲ್ಲಿ ಮೊದಲ ಸಲ ವಿಶ್ವಕಪ್‌ಗೆ ಹೋದ ತಂಡ, 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಿತು. ಆಗ ಒಗ್ಬೆಚೆ ವಯಸ್ಸು ಹನ್ನೊಂದು. ಆ ಗೆಲುವಿನ ನಂತರ ಯುರೋಪಿನ ಕ್ಲಬ್‌ಗಳು ನೈಜೀರಿಯಾದ ಹುಡುಗರತ್ತ ಇನ್ನಷ್ಟು ಗಮನ ಕೊಡತೊಡಗಿದವು.

ಪ್ಯಾರಿಸ್ ದಿನಗಳು

ಒಗ್ಬೆಚೆ ಹದಿಹರೆಯದಲ್ಲೇ ಫ್ರಾನ್ಸಿನ ಪ್ಯಾರಿಸ್ ಸೇಂಟ್ ಜರ್ಮೈನ್ (ಪಿಎಸ್‌ಜಿ) ಕ್ಲಬ್ ಸೇರಿ, 2001ರಲ್ಲಿ ಹಿರಿಯರ ತಂಡಕ್ಕೆ ಬಂದರು. ತಂಡದಲ್ಲಿ ಆಗ ಬ್ರೆಜಿಲ್‌ನ ರೊನಾಲ್ಡಿನೊ, ನೈಜೀರಿಯಾದವರೇ ಆದ ಜೇ-ಜೇ ಒಕೋಚಾ, ಫ್ರಾನ್ಸಿನ ನಿಕೊಲಾ ಅನೆಲ್ಕಾ, ಅರ್ಜೆಂಟೀನಾದ ಮಾರಿಸಿಯೊ ಪೊಚೆಟಿನೊ ಇದ್ದರು. ಸ್ಪೇನ್‌ನ ಮಿಕೆಲ್ ಆರ್ಟೆಟಾ ಕೂಡ ಆ ಕಾಲದಲ್ಲಿ ಅಲ್ಲಿ ಆಡಿದ್ದರು. ಇವರಲ್ಲಿ ಪೊಚೆಟಿನೊ, ಆರ್ಟೆಟಾ ಮುಂದೆ ದೊಡ್ಡ ತರಬೇತುದಾರರಾದರು.

ಇಂಥ ತಂಡದಲ್ಲಿ ಹದಿನೇಳರ ಹುಡುಗನಿಗೆ ಕಾಯಂ ಜಾಗ ಸಿಗುವುದು ಕಷ್ಟ. ಒಗ್ಬೆಚೆಗೂ ಅದೇ ಆಯಿತು. ಬಾಸ್ತಿಯಾ, ಮೆಟ್ಸ್ ಎಂಬ ಫ್ರೆಂಚ್ ಕ್ಲಬ್‌ಗಳಿಗೆ ಅವರನ್ನು ‘ಲೋನ್’ ಮೇಲೆ ಕಳಿಸಲಾಯಿತು. ಲೋನ್ ಎಂದರೆ ಆಟಗಾರನ ಕರಾರು ಮೂಲ ಕ್ಲಬ್‌ನಲ್ಲೇ ಉಳಿದು, ಗೊತ್ತಾದ ಅವಧಿಗೆ ಬೇರೆ ಕ್ಲಬ್ ಪರವಾಗಿ ಆಡುವುದು. 2005ರಲ್ಲಿ ಪಿಎಸ್‌ಜಿ ಜೊತೆಗಿನ ಸಂಬಂಧ ಮುಗಿಯಿತು.

2002ರ ವಿಶ್ವಕಪ್

ಜಪಾನ್ ಮತ್ತು ದಕ್ಷಿಣ ಕೊರಿಯಾದಲ್ಲಿ 2002ರಲ್ಲಿ ನಡೆದ ವಿಶ್ವಕಪ್‌ಗೆ ನೈಜೀರಿಯಾ ತಂಡದಲ್ಲಿ ಒಗ್ಬೆಚೆ ಆಯ್ಕೆಯಾದರು. ಆಗ ವಯಸ್ಸು ಹದಿನೇಳು ವರ್ಷ ಎಂಟು ತಿಂಗಳು. ನೈಜೀರಿಯಾ ಇದ್ದ ಗುಂಪಿನಲ್ಲಿ ಅರ್ಜೆಂಟೀನಾ, ಸ್ವೀಡನ್, ಇಂಗ್ಲೆಂಡ್ ಇದ್ದವು. ‘ಸಾವಿನ ಗುಂಪು’ ಎಂದೇ ಪತ್ರಿಕೆಗಳು ಅದನ್ನು ಕರೆದವು.

ಜೂನ್ 2ರಂದು ಅರ್ಜೆಂಟೀನಾ ವಿರುದ್ಧ ನೈಜೀರಿಯಾ 0-1ರಿಂದ ಸೋತಿತು. ಗೋಲು ಹೊಡೆದವರು ಗೇಬ್ರಿಯಲ್ ಬಟಿಸ್ಟೂಟಾ. ಜೂನ್ 7ರಂದು ಸ್ವೀಡನ್ ವಿರುದ್ಧ 1-2ರಿಂದ ಸೋಲು. ಈ ಎರಡೂ ಪಂದ್ಯಗಳಲ್ಲಿ ಒಗ್ಬೆಚೆ ಮೈದಾನಕ್ಕೆ ಇಳಿದರು. ಜೂನ್ 12ರಂದು ಇಂಗ್ಲೆಂಡ್ ಜೊತೆಗಿನ ಪಂದ್ಯ ಗೋಲಿಲ್ಲದೆ ಡ್ರಾ ಆಯಿತು. ಒಂದೇ ಅಂಕದೊಂದಿಗೆ ನೈಜೀರಿಯಾ ಮನೆಗೆ ಮರಳಿತು. ಇಷ್ಟು ಸಣ್ಣ ವಯಸ್ಸಿಗೆ ಶಿಖರ ಮುಟ್ಟಿದ ಆಟಗಾರ ಮುಂದಿನ ಹದಿನಾರು ವರ್ಷ ದೊಡ್ಡ ಸುದ್ದಿಯಾಗಲಿಲ್ಲ. ಅವರಿಗೆ ಮತ್ತೆ ಹೆಸರು ಬಂದದ್ದು ಭಾರತದಲ್ಲಿ.

ಊರಿಂದ ಊರಿಗೆ

ಪ್ಯಾರಿಸ್ ಬಿಟ್ಟ ಮೇಲೆ ಒಗ್ಬೆಚೆ 2005-06ರ ಹಂಗಾಮಿನಲ್ಲಿ ಅಬುಧಾಬಿಯ ಅಲ್ ಜಜೀರಾ ಕ್ಲಬ್‌ಗೆ ಆಡಿದರು. ನಂತರ ಸ್ಪೇನ್‌ಗೆ ಹೋಗಿ ಅಲಾವೆಸ್, ವಲ್ಲಾಡೋಲಿಡ್, ಕಾಡಿಜ್ ಕ್ಲಬ್‌ಗಳಲ್ಲಿ ಆಡಿದರು. ಅಲ್ಲಿಂದ ಗ್ರೀಸ್‌ನ ಕವಾಲಾ ಕ್ಲಬ್. 2011ರಲ್ಲಿ ಗ್ರೀಸ್‌ನಲ್ಲಿ ಪಂದ್ಯ ಫಿಕ್ಸಿಂಗ್ ಹಗರಣ ಹೊರಬಿದ್ದು, ಆಡಳಿತ ಮಂಡಳಿಯವರ ಮೇಲಿನ ಆರೋಪದಿಂದಾಗಿ ಕವಾಲಾ ಕ್ಲಬ್ಬನ್ನೇ ಕೆಳದರ್ಜೆಗೆ ಇಳಿಸಲಾಯಿತು. ಕ್ಲಬ್ ಮುಳುಗಿದರೆ ತಪ್ಪು ಮಾಡದ ಆಟಗಾರನಿಗೂ ಅನ್ನದ ದಾರಿ ಹುಡುಕುವ ಕೆಲಸ ಬೀಳುತ್ತದೆ.

ಅದೇ 2011ರಲ್ಲಿ ಒಗ್ಬೆಚೆ ಇಂಗ್ಲೆಂಡಿನ ಎರಡನೇ ದರ್ಜೆಯ ಮಿಡಲ್ಸ್‌ಬರೊ ಕ್ಲಬ್ ಸೇರಿದರು. ಅಲ್ಲಿ ಒಂದೇ ಹಂಗಾಮು. ಮತ್ತೆ ಸ್ಪೇನ್‌ನ ಜೆರೆಜ್, ಅನಂತರ ನೆದರ್‌ಲ್ಯಾಂಡ್ಸ್‌ನ ಕಾಂಬುರ್ ಮತ್ತು ವಿಲೆಮ್ ಟ್ವೀ ಕ್ಲಬ್‌ಗಳು. 2018ರಲ್ಲಿ ಡಚ್ ಫುಟ್‌ಬಾಲ್ ಬಿಡುವಾಗ ಅವರಿಗೆ 34 ತುಂಬುತ್ತಿತ್ತು. ಮುಂಚೂಣಿಯಲ್ಲಿ ಓಡುವ ಸ್ಟ್ರೈಕರ್‌ಗೆ ಇದು ಸಾಮಾನ್ಯವಾಗಿ ನಿವೃತ್ತಿಯ ವಯಸ್ಸು.

ಭಾರತದಲ್ಲಿ ನೈಜೀರಿಯಾದವರು: ಹಿಂದಿನ ಕಥೆ

ಒಗ್ಬೆಚೆ ಬರುವ ಮೊದಲೇ ಭಾರತದ ಫುಟ್‌ಬಾಲಿಗೆ ನೈಜೀರಿಯಾ ಹೊಸದಾಗಿರಲಿಲ್ಲ. ಇಲ್ಲಿಗೆ ಮೊದಮೊದಲು ಬಂದ ವಿದೇಶಿ ತಾರೆಗಳು ಓದಲು ಬಂದ ವಿದ್ಯಾರ್ಥಿಗಳು. 1980ರಲ್ಲಿ ಇರಾನಿನ ಮಜೀದ್ ಬಿಸ್ಕರ್, ಜಮ್‌ಶೀದ್ ನಸೀರಿ ಅಲಿಗಡ ವಿಶ್ವವಿದ್ಯಾಲಯದಿಂದ ಕೋಲ್ಕತ್ತದ ಈಸ್ಟ್ ಬೆಂಗಾಲ್ ತಂಡಕ್ಕೆ ಬಂದರು. ಅದೇ ದಶಕದಲ್ಲಿ ಓದಿಗಾಗಿ ಭಾರತಕ್ಕೆ ಬಂದಿದ್ದ ನೈಜೀರಿಯಾದ ಚೀಮಾ ಒಕೋರಿ ಕೋಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್, ಈಸ್ಟ್ ಬೆಂಗಾಲ್, ಮೋಹನ್ ಬಗಾನ್ ಮೂರೂ ತಂಡಗಳಿಗೆ ಆಡಿ ಮನೆಮಾತಾದರು. ವಿದೇಶಿಯರನ್ನು ಸೇರಿಸಿಕೊಳ್ಳದ ಸಂಪ್ರದಾಯ ಪಾಲಿಸಿದ್ದ ಮೋಹನ್ ಬಗಾನ್ 1991ರಲ್ಲಿ ಅದನ್ನು ಮುರಿದದ್ದು ಚೀಮಾಗಾಗಿ.

2007ರಲ್ಲಿ ಐ-ಲೀಗ್ ಶುರುವಾದ ಮೇಲೆ ನೈಜೀರಿಯಾದವರದೇ ದರಬಾರು. 2007-08ರಿಂದ 2012-13ರ ವರೆಗಿನ ಆರೂ ಹಂಗಾಮುಗಳಲ್ಲಿ ಅತಿ ಹೆಚ್ಚು ಗೋಲು ಹೊಡೆದವರು ನೈಜೀರಿಯಾದವರು. ಮೊದಲ ಮೂರು ವರ್ಷ ಗೋವಾದ ಚರ್ಚಿಲ್ ಬ್ರದರ್ಸ್ ತಂಡದ ಒಡಾಫಾ ಒಕೋಲಿ (22, 26, 22 ಗೋಲು). ನಂತರದ ಮೂರು ವರ್ಷ ರಾಂಟಿ ಮಾರ್ಟಿನ್ಸ್ (30, 32, 26 ಗೋಲು). ರಾಂಟಿ ಇದರಲ್ಲಿ ಮೊದಲ ಎರಡು ವರ್ಷ ಗೋವಾದ ಡೆಂಪೊ ಪರವಾಗಿ, ಮೂರನೆಯ ವರ್ಷ ಕೋಲ್ಕತ್ತದ ಪ್ರಯಾಗ್ ಯುನೈಟೆಡ್ ಪರವಾಗಿ ಆಡಿದರು.

ದೊಡ್ಡ ಲೀಗುಗಳ ಹೊರಗೂ ಆಫ್ರಿಕಾದ ಆಟಗಾರರು ಇದ್ದಾರೆ. ಕೇರಳದ ಮಲಬಾರಿನಲ್ಲಿ ತಂಡಕ್ಕೆ ಏಳು ಜನರಂತೆ ಆಡುವ ‘ಸೆವೆನ್ಸ್’ ಪಂದ್ಯಾವಳಿಗಳಿಗೆ ಪ್ರತಿ ವರ್ಷ ನೈಜೀರಿಯಾ, ಘಾನಾ ಮುಂತಾದ ದೇಶಗಳಿಂದ ಯುವಕರು ಬರುತ್ತಾರೆ. ಇಂಥ ಒಬ್ಬ ಆಟಗಾರನ ಬಗ್ಗೆ 2018ರಲ್ಲಿ ತೆರೆಕಂಡ ‘ಸುಡಾನಿ ಫ್ರಮ್ ನೈಜೀರಿಯಾ’ ಎಂಬ ಮಲಯಾಳಂ ಚಿತ್ರ ರಾಷ್ಟ್ರ ಪ್ರಶಸ್ತಿ ಪಡೆಯಿತು. ಎಲ್ಲ ಕರಿಯರನ್ನೂ ಊರಿನವರು ‘ಸುಡಾನಿ’ ಎಂದೇ ಕರೆಯುತ್ತಾರೆ ಎಂಬುದು ಚಿತ್ರದ ಹೆಸರಿನ ಹಿಂದಿನ ಮಾತು.

ಗುವಾಹಟಿ ಮತ್ತು ಕೊಚ್ಚಿ

2018-19ರಲ್ಲಿ ಒಗ್ಬೆಚೆ ಸೇರಿದ್ದು ಗುವಾಹಟಿಯ ನಾರ್ತ್‌ಈಸ್ಟ್ ಯುನೈಟೆಡ್ ತಂಡವನ್ನು. ತರಬೇತುದಾರರು ನೆದರ್‌ಲ್ಯಾಂಡ್ಸ್‌ನ ಎಲ್ಕೊ ಸ್ಕಟೋರಿ. ಅಕ್ಟೋಬರ್ 18ರಂದು ಚೆನ್ನೈಯಲ್ಲಿ ಚೆನ್ನೈಯಿನ್ ವಿರುದ್ಧ ನಡೆದ ಪಂದ್ಯದಲ್ಲಿ ಒಗ್ಬೆಚೆ ಹ್ಯಾಟ್ರಿಕ್ ಹೊಡೆದು ತಂಡವನ್ನು 4-3ರಿಂದ ಗೆಲ್ಲಿಸಿದರು. ಆ ಹಂಗಾಮಿನಲ್ಲಿ ಅವರ ಗೋಲು 12. ಅದುವರೆಗೆ ಒಮ್ಮೆಯೂ ಸೆಮಿಫೈನಲ್ ಕಾಣದಿದ್ದ ನಾರ್ತ್‌ಈಸ್ಟ್ ಮೊದಲ ಸಲ ಅಲ್ಲಿಗೆ ತಲುಪಿತು. ಗುವಾಹಟಿಯಲ್ಲಿ 2-1ರಿಂದ ಗೆದ್ದರೂ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ 0-3ರಿಂದ ಸೋತು ಹೊರಬಿತ್ತು. ಆ ವರ್ಷ ಕಪ್ ಗೆದ್ದದ್ದು ಬೆಂಗಳೂರು ಎಫ್‌ಸಿ.

ಮರುವರ್ಷ ಸ್ಕಟೋರಿ ಕೇರಳ ಬ್ಲಾಸ್ಟರ್ಸ್‌ಗೆ ಹೋದರು. ಒಗ್ಬೆಚೆ ಅವರ ಹಿಂದೆ ಹೋಗಿ ತಂಡದ ನಾಯಕರಾದರು. 2019ರ ಅಕ್ಟೋಬರ್ 20ರಂದು ಕೊಚ್ಚಿಯ ಮೊದಲ ಪಂದ್ಯದಲ್ಲೇ ಎಟಿಕೆ ವಿರುದ್ಧ ಎರಡು ಗೋಲು. ಹಂಗಾಮು ಮುಗಿಯುವಾಗ ಲೆಕ್ಕ 15. ಅಷ್ಟೇ ಗೋಲನ್ನು ಎಟಿಕೆಯ ರಾಯ್ ಕೃಷ್ಣ, ಚೆನ್ನೈಯಿನ್‌ನ ನೆರಿಯುಸ್ ವಾಲ್ಸ್‌ಕಿಸ್ ಕೂಡ ಹೊಡೆದಿದ್ದರು. ಅತಿ ಹೆಚ್ಚು ಗೋಲಿಗೆ ಕೊಡುವ ‘ಗೋಲ್ಡನ್ ಬೂಟ್’ ವಾಲ್ಸ್‌ಕಿಸ್ ಪಾಲಾಯಿತು. ನಾಯಕ ಇಷ್ಟು ಗೋಲು ಹೊಡೆದರೂ ತಂಡ ಏಳನೇ ಸ್ಥಾನದಲ್ಲಿ ಉಳಿಯಿತು.

ಮುಂಬಯಿ ಅಂಗಿ, ಗೋವಾ ಮೈದಾನ

2020-21ರಲ್ಲಿ ಒಗ್ಬೆಚೆ ಮುಂಬಯಿ ಸಿಟಿ ಎಫ್‌ಸಿ ಸೇರಿದರು. ಅದು ಕೊರೊನಾ ಕಾಲ. ಎಲ್ಲ ತಂಡಗಳನ್ನೂ ಗೋವಾದಲ್ಲಿ ಹೊರಗಿನವರ ಸಂಪರ್ಕವಿಲ್ಲದಂತೆ ಇರಿಸಿ, ಪ್ರೇಕ್ಷಕರಿಲ್ಲದ ಮೈದಾನಗಳಲ್ಲಿ ಇಡೀ ಲೀಗ್ ನಡೆಸಲಾಯಿತು. ಹೀಗಾಗಿ ಮುಂಬಯಿ ತಂಡದ ಆಟಗಾರ ಮುಂಬಯಿಯಲ್ಲಿ ಲೀಗಿನ ಒಂದು ಪಂದ್ಯವನ್ನೂ ಆಡದೆ ಮುಂಬಯಿಗೆ ಕಪ್ ಗೆದ್ದ.

ತರಬೇತುದಾರ ಸರ್ಜಿಯೊ ಲೊಬೇರಾ ತಂಡದಲ್ಲಿ ಇಂಗ್ಲೆಂಡಿನ ಆಡಂ ಲೆ ಫೊಂಡ್ರೆ ಕೂಡ ಸ್ಟ್ರೈಕರ್ ಆಗಿದ್ದರಿಂದ ಒಗ್ಬೆಚೆ ಎಷ್ಟೋ ಪಂದ್ಯಗಳಲ್ಲಿ ಬದಲಿಯಾಗಿ ಬರಬೇಕಾಯಿತು. ಗೋಲು ಎಂಟಕ್ಕೆ ಇಳಿಯಿತು. ಆದರೆ ಬೇಕಾದ ಹೊತ್ತಿಗೆ ಕೆಲಸಕ್ಕೆ ಬಂದರು. 2021ರ ಫೆಬ್ರವರಿ 28ರಂದು ಲೀಗ್ ಹಂತದ ಕೊನೆಯ ಪಂದ್ಯ, ಎದುರಾಳಿ ಎಟಿಕೆ ಮೋಹನ್ ಬಗಾನ್. ಮುಂಬಯಿ ಗೆದ್ದರೆ ಮಾತ್ರ ಮೊದಲ ಸ್ಥಾನ. ಮುರ್ತಾದಾ ಫಾಲ್ ಮತ್ತು ಒಗ್ಬೆಚೆ ಗೋಲುಗಳಿಂದ 2-0 ಗೆಲುವು. ಎರಡೂ ತಂಡಗಳಿಗೆ ತಲಾ 40 ಅಂಕ. ಪರಸ್ಪರ ಪಂದ್ಯಗಳ ಫಲಿತಾಂಶ ನೋಡಿ ‘ಲೀಗ್ ಶೀಲ್ಡ್’ ಮುಂಬಯಿಗೆ ಕೊಡಲಾಯಿತು.

ಮಾರ್ಚ್ 13ರಂದು ಮಡಗಾಂವಿನ ಫಾತೋರ್ಡಾದಲ್ಲಿ ನಡೆದ ಫೈನಲ್‌ನಲ್ಲೂ ಅದೇ ಎದುರಾಳಿ. 1-1 ಸಮವಾಗಿದ್ದಾಗ ಕೊನೆಯ ನಿಮಿಷದಲ್ಲಿ ಎದುರಾಳಿ ಗೋಲ್‌ಕೀಪರ್ ಮುಂದೆ ಬಂದು ಚೆಂಡನ್ನು ಸರಿಯಾಗಿ ತೆರವು ಮಾಡದೆ ಹೋದಾಗ, ಅದು ಒಗ್ಬೆಚೆಗೆ ಸಿಕ್ಕಿತು. ಅವರು ಬಿಪಿನ್ ಸಿಂಗ್‌ಗೆ ಕೊಟ್ಟರು, ಬಿಪಿನ್ ಗೋಲು ಹೊಡೆದರು. ಒಂದೇ ಹಂಗಾಮಿನಲ್ಲಿ ಶೀಲ್ಡ್ ಮತ್ತು ಕಪ್ ಎರಡನ್ನೂ ಗೆದ್ದ ಮೊದಲ ಐಎಸ್‌ಎಲ್ ತಂಡ ಮುಂಬಯಿ.

ಹೈದರಾಬಾದ್: 18 ಗೋಲಿನ ವರ್ಷ

2021ರಲ್ಲಿ ಒಗ್ಬೆಚೆ ಹೈದರಾಬಾದ್ ಎಫ್‌ಸಿಗೆ ಹೋದರು. ಈ ಕ್ಲಬ್ಬಿನ ಹಿನ್ನೆಲೆ ಸೊಲ್ಲಾಪುರದವರಿಗೆ ಹತ್ತಿರದ್ದು. 2014ರಿಂದ ಪುಣೆಯಲ್ಲಿದ್ದ ಎಫ್‌ಸಿ ಪುಣೆ ಸಿಟಿ ಹಣದ ತೊಂದರೆಯಿಂದ 2019ರಲ್ಲಿ ಮುಚ್ಚಿತು. ಅದರ ಜಾಗವನ್ನು ಲೀಗಿನಲ್ಲಿ ಪಡೆದದ್ದೇ ಹೈದರಾಬಾದ್ ತಂಡ.

ಸ್ಪೇನ್‌ನ ಮನೋಲೊ ಮಾರ್ಕೆಜ್ ಇದರ ತರಬೇತುದಾರ. ಆ ಹಂಗಾಮೂ ಕೊರೊನಾ ಕಾರಣ ಗೋವಾದಲ್ಲೇ ನಡೆಯಿತು. 2022ರ ಜನವರಿ 24ರಂದು ಈಸ್ಟ್ ಬೆಂಗಾಲ್ ವಿರುದ್ಧ 4-0 ಗೆಲುವಿನಲ್ಲಿ ಒಗ್ಬೆಚೆ ಹ್ಯಾಟ್ರಿಕ್ ಹೊಡೆದರು. ಉಳಿದ ಒಂದು ಗೋಲು ಕೊಲ್ಹಾಪುರದ ಹುಡುಗ ಅನಿಕೇತ್ ಜಾಧವ್ ಅವರದು. ತಾಲೀಮುಗಳ ಹೆಸರಿನಲ್ಲಿ ಫುಟ್‌ಬಾಲ್ ತಂಡಗಳಿರುವ ಊರು ಕೊಲ್ಹಾಪುರ. ಅನಿಕೇತ್ 2017ರಲ್ಲಿ ಭಾರತದಲ್ಲಿ ನಡೆದ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ದೇಶದ ಪರವಾಗಿ ಆಡಿದವರು.

ಈ ಹಂಗಾಮಿನಲ್ಲಿ ಒಗ್ಬೆಚೆ 18 ಗೋಲು ಹೊಡೆದು ಗೋಲ್ಡನ್ ಬೂಟ್ ಪಡೆದರು. 2017-18ರಲ್ಲಿ ಗೋವಾ ತಂಡದ ಫೆರಾನ್ ಕೊರೊಮಿನಾಸ್ ಹೊಡೆದಿದ್ದ 18 ಗೋಲುಗಳ ದಾಖಲೆಗೆ ಇದು ಸಮ. ಐಎಸ್‌ಎಲ್‌ನಲ್ಲಿ 50 ಗೋಲು ಮುಟ್ಟಿದ ಮೊದಲ ಆಟಗಾರ ಎಂಬ ಹೆಸರೂ ಆಗಲೇ ಬಂತು. ವಯಸ್ಸು 37.

2022ರ ಮಾರ್ಚ್ 20ರ ಫೈನಲ್‌ನಲ್ಲಿ ಎದುರಿಗಿದ್ದದ್ದು ಒಗ್ಬೆಚೆ ಹಿಂದೆ ನಾಯಕರಾಗಿದ್ದ ಕೇರಳ ಬ್ಲಾಸ್ಟರ್ಸ್. ಪಂದ್ಯ 1-1 ಸಮವಾಗಿ ಪೆನಾಲ್ಟಿಗೆ ಹೋಯಿತು. ಹೈದರಾಬಾದ್ ಗೋಲ್‌ಕೀಪರ್ ಲಕ್ಷ್ಮೀಕಾಂತ ಕಟ್ಟಿಮನಿ ಮೂರು ಪೆನಾಲ್ಟಿ ತಡೆದು 3-1ರಿಂದ ತಂಡವನ್ನು ಗೆಲ್ಲಿಸಿದರು. ಕಟ್ಟಿಮನಿ ಗೋವಾದ ಆಟಗಾರ. ಆದರೆ ಆ ಅಡ್ಡಹೆಸರು ಯಾವ ಸೀಮೆಯದು ಎಂದು ಕನ್ನಡಿಗರು ಯಾರನ್ನೂ ಕೇಳಬೇಕಾಗಿಲ್ಲ.

2022-23ರಲ್ಲಿ ಪಂದ್ಯಗಳು ಮತ್ತೆ ತಂಡಗಳ ಸ್ವಂತ ಊರಿಗೆ ಬಂದವು. ಗಚ್ಚಿಬೌಲಿಯ ಬಾಲಯೋಗಿ ಕ್ರೀಡಾಂಗಣದಲ್ಲಿ ಹೈದರಾಬಾದಿನ ಜನ ಕೊನೆಗೂ ತಮ್ಮ ಗೋಲುಗಾರನನ್ನು ಕಣ್ಣಾರೆ ನೋಡಿದರು. ಆ ವರ್ಷ ಅವರ ಗೋಲು 10. ತಂಡ ಲೀಗ್ ಹಂತದಲ್ಲಿ ಎರಡನೇ ಸ್ಥಾನ ಪಡೆದು, ಸೆಮಿಫೈನಲ್‌ನಲ್ಲಿ ಎಟಿಕೆ ಮೋಹನ್ ಬಗಾನ್‌ಗೆ ಪೆನಾಲ್ಟಿಯಲ್ಲಿ ಸೋತಿತು. 2023ರಲ್ಲಿ ಒಗ್ಬೆಚೆ ಹೈದರಾಬಾದ್ ಬಿಟ್ಟರು.

ಐಎಸ್‌ಎಲ್‌ನಲ್ಲಿ ಒಗ್ಬೆಚೆ ಗೋಲುಗಳು

2018-19: ನಾರ್ತ್‌ಈಸ್ಟ್ ಯುನೈಟೆಡ್ – 12
2019-20: ಕೇರಳ ಬ್ಲಾಸ್ಟರ್ಸ್ – 15
2020-21: ಮುಂಬಯಿ ಸಿಟಿ – 8
2021-22: ಹೈದರಾಬಾದ್ – 18
2022-23: ಹೈದರಾಬಾದ್ – 10
ಒಟ್ಟು: 63

ನೂರಕ್ಕಿಂತ ಕಡಿಮೆ ಪಂದ್ಯಗಳಲ್ಲಿ ಬಂದ ಈ ಲೆಕ್ಕವನ್ನು ದಾಟಿದವರು ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ. 2024ರ ಸೆಪ್ಟೆಂಬರ್ 28ರಂದು ಕಂಠೀರವದಲ್ಲಿ ಮೋಹನ್ ಬಗಾನ್ ವಿರುದ್ಧ ಪೆನಾಲ್ಟಿಯಲ್ಲಿ ಅವರು 64ನೇ ಗೋಲು ಹೊಡೆದರು. ಆಗ ಛೆಟ್ರಿ ವಯಸ್ಸು 40.

ಕರಾರು, ಪಗಾರ, ದಲಾಲರು

ವಿದೇಶಿ ಆಟಗಾರನ ಬದುಕು ಹೊರಗಿನಿಂದ ಕಂಡಷ್ಟು ಭದ್ರವಲ್ಲ. ಮೊದಲನೆಯದಾಗಿ ಜಾಗ ಕಡಿಮೆ. ಐಎಸ್‌ಎಲ್‌ನಲ್ಲಿ ಏಕಕಾಲಕ್ಕೆ ಮೈದಾನದಲ್ಲಿ ಐವರು ವಿದೇಶಿಯರಿಗೆ ಇದ್ದ ಅವಕಾಶವನ್ನು 2021-22ರಿಂದ ನಾಲ್ಕಕ್ಕೆ ಇಳಿಸಲಾಯಿತು. ಭಾರತೀಯ ಹುಡುಗರಿಗೆ ಹೆಚ್ಚು ಆಟ ಸಿಗಲಿ ಎಂಬುದು ಇದರ ಉದ್ದೇಶ. ಹೊರಗಿನವನಿಗೆ ಇದರ ಅರ್ಥ, ಗೋಲು ಬರದಿದ್ದರೆ ಮುಂದಿನ ಕರಾರು ಇಲ್ಲ.

ಎರಡನೆಯದು ಪಗಾರ. 2023ರಲ್ಲಿ ಹೈದರಾಬಾದ್ ಎಫ್‌ಸಿ ಹಣದ ಮುಗ್ಗಟ್ಟಿಗೆ ಸಿಲುಕಿತು. ಬಾಕಿ ಹಣದ ದೂರುಗಳ ಮೇಲೆ ಹೊಸ ಆಟಗಾರರನ್ನು ನೋಂದಾಯಿಸದಂತೆ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ಕ್ಲಬ್ ಮೇಲೆ ನಿಷೇಧ ಹೇರಿತು. ಒಗ್ಬೆಚೆ ಅವರ ಬಾಕಿಯೂ ಅದರಲ್ಲಿತ್ತು. ತಂಡಕ್ಕೆ ಕಪ್ ತಂದ ಆಟಗಾರನೇ ತನ್ನ ದುಡ್ಡಿಗಾಗಿ ಫಿಫಾ ಬಾಗಿಲು ತಟ್ಟಬೇಕಾಯಿತು. 2023-24ರ ನಡುವೆ ಉಳಿದ ವಿದೇಶಿ ಆಟಗಾರರು ಒಬ್ಬೊಬ್ಬರಾಗಿ ಹೊರಟರು, ತಂಡ ಕೊನೆಯ ಸ್ಥಾನಕ್ಕೆ ಕುಸಿಯಿತು. 2025ರಲ್ಲಿ ಮಾಲೀಕರು ಬದಲಾಗಿ, ಕ್ಲಬ್ ದಿಲ್ಲಿಗೆ ಹೋಗಿ ಸ್ಪೋರ್ಟಿಂಗ್ ಕ್ಲಬ್ ದಿಲ್ಲಿ ಎಂದು ಹೆಸರಾಯಿತು. ಪುಣೆಯಲ್ಲಿ ಮುಚ್ಚಿ ಹೈದರಾಬಾದಿನಲ್ಲಿ ತೆರೆದ ತಂಡ ಅಲ್ಲಿಯೂ ಉಳಿಯಲಿಲ್ಲ. ಗಿರಣಿ ಮುಚ್ಚಿದ್ದನ್ನು ಕಂಡ ಸೊಲ್ಲಾಪುರಕ್ಕೆ ಇದು ಹೊಸ ಪಾಠವಲ್ಲ.

ಇಂಥ ಸಂದರ್ಭಕ್ಕೆ ಫಿಫಾ ನಿಯಮಗಳಲ್ಲಿ ದಾರಿ ಇದೆ. ಕನಿಷ್ಠ ಎರಡು ತಿಂಗಳ ಪಗಾರ ಬಾಕಿ ಉಳಿದರೆ, ಆಟಗಾರ ಲಿಖಿತ ನೋಟಿಸು ಕೊಟ್ಟು ಕ್ಲಬ್‌ಗೆ ಕನಿಷ್ಠ 15 ದಿನ ಸಮಯ ಕೊಡಬೇಕು. ಆಗಲೂ ಹಣ ಬರದಿದ್ದರೆ ಕರಾರು ಮುರಿದು ಹೊರಬಂದು ಪರಿಹಾರ ಕೇಳಬಹುದು. ತೀರ್ಪಿನ ನಂತರ 45 ದಿನದೊಳಗೆ ಕ್ಲಬ್ ಹಣ ಕೊಡದಿದ್ದರೆ ನೋಂದಣಿ ನಿಷೇಧ ಬೀಳುತ್ತದೆ. ಆದರೆ ಇದೆಲ್ಲ ನಡೆಯುವುದು ಕೈಯಲ್ಲಿ ಲಿಖಿತ ಕರಾರು ಇದ್ದವರಿಗೆ ಮಾತ್ರ. ಬಾಯಿಮಾತಿನ ಮೇಲೆ ಊರೂರು ತಿರುಗಿ ಆಡುವವರಿಗೆ ಈ ಬಾಗಿಲು ತೆರೆಯುವುದಿಲ್ಲ.

ಮೂರನೆಯದು ದಲಾಲರು. ಕಬ್ಬು ಕಡಿಯುವ ಗುಂಪಿಗೂ ಕಾರ್ಖಾನೆಗೂ ನಡುವೆ ಮುಕಾದಮ ಇರುವಂತೆ ಆಟಗಾರನಿಗೂ ಕ್ಲಬ್‌ಗೂ ನಡುವೆ ಏಜೆಂಟ್ ಇರುತ್ತಾನೆ. ಒಳ್ಳೆಯ ಏಜೆಂಟ್ ಒಳ್ಳೆಯ ಕರಾರು ತರುತ್ತಾನೆ. ಕೆಟ್ಟವನು ಟ್ರಯಲ್ಸ್ ಹೆಸರಿನಲ್ಲಿ ಬಡ ಮನೆಗಳಿಂದ ಹಣ ಕಿತ್ತು, ಹುಡುಗರನ್ನು ಗೊತ್ತಿಲ್ಲದ ದೇಶದಲ್ಲಿ ಬಿಟ್ಟು ಮಾಯವಾಗುತ್ತಾನೆ. ಆಫ್ರಿಕಾದ ಎಷ್ಟೋ ಹುಡುಗರು ಹೀಗೆ ಮೋಸ ಹೋಗಿದ್ದಾರೆ. ಇದನ್ನು ತಡೆಯಲು 2023ರಿಂದ ಏಜೆಂಟರಿಗೆ ಫಿಫಾ ಪರೀಕ್ಷೆ ಮತ್ತು ಪರವಾನಗಿ ಬಂದಿವೆ. 18 ವರ್ಷ ತುಂಬದವರನ್ನು ದೇಶದಿಂದ ದೇಶಕ್ಕೆ ವರ್ಗಾಯಿಸುವುದಕ್ಕೂ ಕೆಲವೇ ವಿನಾಯಿತಿ ಬಿಟ್ಟು ನಿಷೇಧವಿದೆ.

ಭಾರತದಲ್ಲಿ ಕರಾರಿನ ಮೇಲೆ ಆಡಲು ಬರುವ ವಿದೇಶಿಗೆ ಉದ್ಯೋಗ ವೀಸಾ ಬೇಕು. ಹಳೆಯ ದೇಶದ ಫುಟ್‌ಬಾಲ್ ಸಂಸ್ಥೆಯಿಂದ ಅಂತರರಾಷ್ಟ್ರೀಯ ವರ್ಗಾವಣೆ ಪತ್ರ ಬರಬೇಕು, ಅದೂ ವರ್ಗಾವಣೆಗೆ ಗೊತ್ತಾದ ಅವಧಿಯೊಳಗೆ. ಒಂದು ಕಾಗದ ತಡವಾದರೂ ಹಂಗಾಮು ಕೈತಪ್ಪಬಹುದು.

ನಾಲ್ಕನೆಯದು ಮೈಯ ಅಪಾಯ. 2004ರ ಡಿಸೆಂಬರ್ 5ರಂದು ಬೆಂಗಳೂರಿನ ಕಂಠೀರವದಲ್ಲಿ ಫೆಡರೇಷನ್ ಕಪ್ ಫೈನಲ್ ನಡೆಯಿತು. ಡೆಂಪೊ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ಗೋಲು ಹೊಡೆಯುವಾಗ ಎದುರಾಳಿ ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಕುಸಿದು ಬಿದ್ದರು. ಅವರ ಜೀವ ಉಳಿಯಲಿಲ್ಲ. ಮನೆಯಿಂದ ಸಾವಿರಾರು ಮೈಲಿ ದೂರ ದುಡಿಯಲು ಬಂದವನ ಹೆಣ ಊರಿಗೆ ಹೋಗುವಾಗ ಗೋಲಿನ ಲೆಕ್ಕ ಯಾರಿಗೂ ಬೇಕಾಗುವುದಿಲ್ಲ. ಮೈದಾನದಲ್ಲಿ ವೈದ್ಯರು, ಆಂಬುಲೆನ್ಸ್ ಸಿದ್ಧವಿರಬೇಕು ಎಂಬ ಮಾತು ದೇಶದಲ್ಲಿ ಗಟ್ಟಿಯಾಗಿ ಕೇಳಿಬಂದದ್ದು ಆ ಸಾವಿನ ನಂತರ.

ಗಡಿ ಭಾಗದ ಹುಡುಗರಿಗೆ

ಸೊಲ್ಲಾಪುರ ಜಿಲ್ಲೆ ಕುಸ್ತಿ, ಕಬಡ್ಡಿ, ಖೋ-ಖೋ ಸೀಮೆ. ಭಾರತ ಕ್ರಿಕೆಟ್ ತಂಡದ ನಾಯಕರಾಗಿದ್ದ ಪಾಲಿ ಉಮ್ರಿಗರ್ 1926ರಲ್ಲಿ ಹುಟ್ಟಿದ್ದು ಸೊಲ್ಲಾಪುರದಲ್ಲೇ. ಫುಟ್‌ಬಾಲಿಗೆ ಇಲ್ಲಿ ಅಷ್ಟು ದೊಡ್ಡ ಪರಂಪರೆ ಇಲ್ಲ. ಆದರೂ ಪಶ್ಚಿಮಕ್ಕೆ ಕೊಲ್ಹಾಪುರ, ದಕ್ಷಿಣಕ್ಕೆ ಬೆಂಗಳೂರು ಎರಡೂ ಆಟಗಾರರನ್ನು ತಯಾರು ಮಾಡುವ ಊರುಗಳು. ಕರ್ನಾಟಕ ತಂಡ 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ಹೆಸರಿನಲ್ಲಿ ಆಡುತ್ತಿದ್ದ 1968-69ರ ನಂತರ ರಾಜ್ಯಕ್ಕೆ ಇದು ಮೊದಲ ಗೆಲುವು.

ಆಟವನ್ನೇ ಉದ್ಯೋಗ ಮಾಡಿಕೊಳ್ಳಲು ಹೊರಡುವ ಹುಡುಗರ ಮನೆಯವರು ಒಗ್ಬೆಚೆ ವೃತ್ತಿಯಿಂದ ಗಮನಿಸಬೇಕಾದ ಸಂಗತಿಗಳು ಇವು. ಲಿಖಿತ ಕರಾರು ಇಲ್ಲದೆ ಊರು ಬಿಡಬಾರದು. ಕರಾರಿನ ಒಂದು ಪ್ರತಿ ಮನೆಯಲ್ಲಿ ಇರಬೇಕು. ಟ್ರಯಲ್ಸ್‌ಗೆ ಮುಂಗಡ ಹಣ ಕೇಳುವವರನ್ನು ನಂಬುವ ಮೊದಲು, ಅವರು ಹೇಳುವ ಕ್ಲಬ್‌ಗೆ ನೇರವಾಗಿ ಫೋನ್ ಮಾಡಿ ವಿಚಾರಿಸಬೇಕು. ಗಾಯವಾದರೆ ಚಿಕಿತ್ಸೆಯ ಖರ್ಚು ಯಾರದು ಎಂಬುದು ಕಾಗದದಲ್ಲಿ ಇರಬೇಕು. ಓದು ಬಿಡಬಾರದು.

ಹದಿನೇಳಕ್ಕೆ ವಿಶ್ವಕಪ್ ಆಡಿದ ಒಗ್ಬೆಚೆ, ತಮ್ಮ ವೃತ್ತಿಯ ಅತಿ ದೊಡ್ಡ ಬಹುಮಾನಗಳನ್ನು ಗೆದ್ದದ್ದು 36 ಮತ್ತು 37ನೇ ವಯಸ್ಸಿನಲ್ಲಿ. ನಡುವಿನ ವರ್ಷಗಳಲ್ಲಿ ಬದಲಿ ಆಟಗಾರನಾಗಿ ಬೆಂಚಿನ ಮೇಲೆ ಕೂತಿದ್ದಾರೆ, ಮುಳುಗುವ ಕ್ಲಬ್‌ಗಳಲ್ಲಿ ಆಡಿದ್ದಾರೆ, ಏಳು ದೇಶಗಳ ಅನ್ನ ಉಂಡಿದ್ದಾರೆ. ಮುಂಬಯಿ ಹಾಗೂ ಹೈದರಾಬಾದ್ ಎರಡು ನಗರಗಳಿಗೂ ಐಎಸ್‌ಎಲ್‌ನ ಮೊದಲ ಕಪ್ ಬಂದ ವರ್ಷ ಅಂಗಿಯ ಮೇಲೆ ಅವರ ಹೆಸರಿತ್ತು.